ಅರಸರ ಜಡ್ಡಿನ ಕಾಗದಗಳನ್ನು ಓದುವ ಬಗೆ

1656ರ ನವೆಂಬರ್ 4ರಂದು ವಿಜಯಪುರದಲ್ಲಿ ಮಹಮ್ಮದ ಆದಿಲಶಾಹ ತೀರಿಕೊಂಡ. ಹತ್ತು ವರ್ಷಗಳಿಂದ ಜಡ್ಡು ಹಿಡಿದಿದ್ದ ಅರಸ. ಸುದ್ದಿ ಔರಂಗಾಬಾದಿಗೆ ಮುಟ್ಟಿತು. ಅಲ್ಲಿ ದಖ್ಖನ್ನಿನ ಮೊಗಲ ಸುಭೇದಾರನಾಗಿದ್ದ ಶಹಜಾದೆ ಔರಂಗಜೇಬ ತಂದೆ ಶಹಾಜಹಾನನಿಗೆ ಕಾಗದ ಬರೆದ. ನವೆಂಬರ್ 26ರ ಹೊತ್ತಿಗೆ ಬಾದಶಹನ ಅಪ್ಪಣೆ ಹೊರಟೇಬಿಟ್ಟಿತ್ತು: ವಿಜಯಪುರದ ವ್ಯವಹಾರವನ್ನು ನಿನಗೆ ಸರಿಕಂಡಂತೆ ಮುಗಿಸು. ಸಾವಿಗೂ ಅಪ್ಪಣೆಗೂ ನಡುವೆ 22 ದಿನ. ತಂತಿಯಿಲ್ಲ, ರೈಲಿಲ್ಲ, ಹರಿಕಾರರ ಕಾಲು ಮತ್ತು ಕುದುರೆಯ ಬೆನ್ನು, ಇಷ್ಟೇ. ಇಷ್ಟು ಬೇಗ ಕೆಲಸ ನಡೆಯಬೇಕಾದರೆ ಆ ಹಾಸಿಗೆಯ ಕಡೆಗೆ ಮೊದಲಿನಿಂದಲೇ ಯಾರೋ ಕಣ್ಣಿಟ್ಟು ಕೂತಿರಬೇಕು.

ಅರಸನ ಮೈಯ ಸ್ಥಿತಿ ಹೀಗೆ ಕಾಗದವಾಗಿ, ಕಾಗದ ದಂಡಾಗಿ ಬದಲಾಗುವುದನ್ನು ಅರ್ಥಮಾಡಿಕೊಳ್ಳುವುದು ಇತಿಹಾಸ ಓದಲು ತೊಡಗಿದವರಿಗೆ ತುಂಬ ಉಪಯೋಗದ ಪಾಠ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಓದುಗರನ್ನು, ಅದರಲ್ಲೂ ಈ ವಿಷಯಕ್ಕೆ ಹೊಸಬರಾದವರನ್ನು, ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಈ ನಾಲ್ಕೂ ತಾಲ್ಲೂಕುಗಳು ಒಂದು ರಾಜಧಾನಿಯ ಸುತ್ತಲಿನ ನೆಲ. ಅಲ್ಲಿ ಒಬ್ಬ ಅರಸ ಮಲಗಿದರೆ ಇಲ್ಲಿಯ ತೆರಿಗೆ, ದಂಡಿನ ದಾರಿ, ಜಾಗೀರಿನ ಒಡೆತನ ಎಲ್ಲವೂ ಅಲುಗಾಡುತ್ತಿದ್ದವು. ಹಾಗಾಗಿ ಇದು ಅರಮನೆಯವರ ಮನೆಯೊಳಗಿನ ಮಾತು ಮಾತ್ರ ಅಲ್ಲ.

ಮೊದಲಿಗೆ ಒಂದು ನಿರೀಕ್ಷೆಯನ್ನು ಬದಿಗಿಡಿ. ಈಗ ದವಾಖಾನೆಗೆ ಹೋದರೆ ಚೀಟಿ ಮಾಡಿಸುತ್ತೇವೆ, ಅದರಲ್ಲಿ ಜ್ವರ ಎಷ್ಟು, ಬಿ.ಪಿ. ಎಷ್ಟು, ಯಾವ ಗುಳಿಗೆ ಎಂದೆಲ್ಲ ಇರುತ್ತದೆ. ಆದಿಲಶಾಹಿ ಅರಸರ ಬಗ್ಗೆ ಅಂಥ ಚೀಟಿಗಾಗಿ ಹುಡುಕಬೇಡಿ. ನಮಗೆ ಸಿಗುವುದು ಬೇರೆ ಬೇರೆ ಜಾತಿಯ ಬರಹ: ಕಲ್ಲಿನ ಶಾಸನ, ಆಸ್ಥಾನದ ಚರಿತ್ರೆ, ಕಾವ್ಯ, ರಾಯಭಾರಿಯ ನೆನಪಿನ ಬರಹ, ಶಹಜಾದೆಯ ಕಾಗದ, ಊರವರ ಬಾಯಲ್ಲಿ ಉಳಿದ ಕತೆ. ಇವುಗಳಲ್ಲಿ ಯಾವುದನ್ನೂ ಯಾರೂ ನಮಗಾಗಿ ಬರೆದಿಲ್ಲ. ಯಾರೋ ಒಬ್ಬರು ಇನ್ನೊಬ್ಬರಿಗೆ, ಏನೋ ಒಂದು ಕೆಲಸಕ್ಕಾಗಿ ಬರೆದದ್ದು. ಓದುವಾಗ ಕೈಬಿಡಬಾರದ ಎಳೆ ಇದೇ.

ಕಲ್ಲಿನಿಂದ ಶುರುಮಾಡೋಣ, ಏಕೆಂದರೆ ಕಲ್ಲು ನಿಮ್ಮ ಊರ ಹತ್ತಿರವೇ ಇದೆ. ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಕಾಲದ, ಕ್ರಿ.ಶ. 945ರ ಕಂಬದ ಶಾಸನವಿದೆ. ಅವನ ಮಂತ್ರಿ ನಾರಾಯಣ ಕಟ್ಟಿಸಿದ ವಿದ್ಯಾಶಾಲೆಗೆ ಬಿಟ್ಟ ಭೂಮಿ, ದೀಪದೆಣ್ಣೆಯ ವ್ಯವಸ್ಥೆ ಎಲ್ಲ ಅದರಲ್ಲಿ ಲೆಕ್ಕವಾಗಿ ಬಂದಿವೆ. ಬಸವನ ಬಾಗೇವಾಡಿ ತಾಲ್ಲೂಕಿನ ನರಸಲಗಿಯ 965ರ ಶಾಸನ ಆಗ ಇನ್ನೂ ಸಾಮಂತನಾಗಿದ್ದ ತೈಲಪನ ಕೈಗೆ ತರ್ದವಾಡಿ ಸಾಸಿರ ನಾಡು ಬಂದದ್ದನ್ನು ಹೇಳುತ್ತದೆ. ಆ ನಾಡಿಗೆ ಹೆಸರು ಕೊಟ್ಟ ಊರು ಇಂಡಿ ಕಡೆಯ ತದ್ದೇವಾಡಿ. ಶಾಸನ ಇಂಥ ಸಂಗತಿಗಳಲ್ಲಿ ಬಲು ಖಚಿತ: ಯಾರು, ಯಾರಿಗೆ, ಎಷ್ಟು, ಯಾವ ತಿಥಿ. ಅರಸನ ಮೈಯ ವಿಷಯ ಬಂದಾಗ ಮಾತ್ರ ಅದರ ಬಾಯಿ ಬಿಗಿ.

ಆ ತೈಲಪ ಕಟ್ಟಿದ ವಂಶದಲ್ಲೇ ಇದಕ್ಕೆ ಒಳ್ಳೆಯ ಉದಾಹರಣೆ ಇದೆ. ಕಲ್ಯಾಣ ಚಾಲುಕ್ಯ ಅರಸ ಒಂದನೆಯ ಸೋಮೇಶ್ವರ, ಆಹವಮಲ್ಲ ಎಂಬ ಬಿರುದಿನವನು, 1068ರ ಮಾರ್ಚ್ ಕೊನೆಯಲ್ಲಿ ಕುರುವತ್ತಿಯ ಬಳಿ ತುಂಗಭದ್ರೆಯಲ್ಲಿ ಇಳಿದು ಪ್ರಾಣ ಬಿಟ್ಟ. ಶಾಸನವು ಚೈತ್ರ ಬಹುಳ ಅಷ್ಟಮಿ, ಆದಿತ್ಯವಾರ ಎಂದು ತಿಥಿ ವಾರ ಕೊಡುತ್ತದೆ. ಅರಸ ಪರಮಯೋಗದಿಂದ ಸ್ವರ್ಗಕ್ಕೆ ಏರಿದ ಎನ್ನುತ್ತದೆ. ಕಾಯಿಲೆಯ ಮಾತಿಲ್ಲ. ಕಾಯಿಲೆಯನ್ನು ನಾವು ತಿಳಿಯುವುದು ಕಾಶ್ಮೀರದ ಕವಿ ಬಿಲ್ಹಣ ಬರೆದ ‘ವಿಕ್ರಮಾಂಕದೇವಚರಿತ’ದಿಂದ. ಅರಸನಿಗೆ ಮೈ ಸುಡುವ ಜ್ವರ ಬಂತು, ಯಾವ ಔಷಧಿಗೂ ಇಳಿಯಲಿಲ್ಲ, ಕೊನೆಗೆ ಅವನೇ ನದಿಯನ್ನು ಆರಿಸಿಕೊಂಡ ಎಂದು ಕವಿ ಹೇಳುತ್ತಾನೆ.

ಎರಡನ್ನೂ ಪಕ್ಕಪಕ್ಕ ಇಟ್ಟುಕೊಳ್ಳಿ. ಕಲ್ಲಿಗೆ ತಾರೀಖು ಗೊತ್ತು, ಜ್ವರ ಗೊತ್ತಿಲ್ಲ. ಕಾವ್ಯಕ್ಕೆ ಜ್ವರ ಗೊತ್ತು, ತಾರೀಖು ಬೇಕಿಲ್ಲ. ಹಾಗಾದರೆ ಜ್ವರವನ್ನು ಹಾಗೇ ನಂಬಿಬಿಡಬಹುದೇ? ಬಿಲ್ಹಣ ಇದ್ದದ್ದು ಸೋಮೇಶ್ವರನ ಆಸ್ಥಾನದಲ್ಲಲ್ಲ, ಅವನ ಮಗ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ. ಆ ವಿಕ್ರಮಾದಿತ್ಯ 1076ರಲ್ಲಿ ಅಣ್ಣನನ್ನು ಸರಿಸಿ ಪಟ್ಟಕ್ಕೆ ಬಂದವನು. ತಂದೆ ತನ್ನನ್ನೇ ಹೆಚ್ಚು ನೆಚ್ಚಿದ್ದ, ತಂದೆಯ ಕೊನೆಗಾಲದಲ್ಲಿ ತಾನು ದಂಡಯಾತ್ರೆಯಲ್ಲಿದ್ದೆ, ಹಿಂದಿರುಗುವಾಗ ಕೃಷ್ಣೆಯ ದಡದಲ್ಲಿ ಸುದ್ದಿ ಕೇಳಿ ಕುಸಿದೆ ಎಂಬ ಕತೆ ಅವನಿಗೆ ಬೇಕಾಗಿತ್ತು. ಹಾಗೆಂದು ಜ್ವರ ಸುಳ್ಳೆಂದು ನಾನು ಹೇಳುವುದಿಲ್ಲ. ಸಾವಿನ ರೀತಿ ಎರಡೂ ಕಡೆ ಕೂಡುತ್ತದೆ. ಸುಮ್ಮನೆ ಯಾವ ಅರಸನೂ ನದಿಗೆ ಇಳಿಯುವುದಿಲ್ಲ. ಜ್ವರ ಇದ್ದದ್ದು ಬಹುಮಟ್ಟಿಗೆ ನಿಜ; ಅದರ ಸುತ್ತ ಹೆಣೆದ ಮಗನ ದುಃಖವನ್ನು ಎಚ್ಚರದಿಂದ ಓದಬೇಕು. ಒಂದೇ ಬರಹದ ಒಂದು ಭಾಗ ಗಟ್ಟಿ, ಇನ್ನೊಂದು ಭಾಗ ಸಡಿಲ ಆಗಿರಬಹುದು. ಪೂರ್ತಿ ನಂಬುವುದು ಅಥವಾ ಪೂರ್ತಿ ತಳ್ಳುವುದು, ಎರಡೂ ಸೋಮಾರಿ ಓದು.

ಈಗ ವಿಜಯಪುರದ ಆಸ್ಥಾನಕ್ಕೆ ಬರೋಣ. ಆದಿಲಶಾಹಿ ಅರಸರ ಕಾಯಿಲೆಗಳ ಬಗ್ಗೆ ಮೊದಲು ಕೈಗೆತ್ತಿಕೊಳ್ಳಬೇಕಾದ ಬರಹಗಾರ ಫೆರಿಷ್ತಾ. ಪೂರ್ತಿ ಹೆಸರು ಮಹಮ್ಮದ್ ಕಾಸಿಂ ಹಿಂದೂಶಾಹ. ಅಹಮದನಗರದಿಂದ 1589ರಲ್ಲಿ ವಿಜಯಪುರಕ್ಕೆ ಬಂದು ಎರಡನೆಯ ಇಬ್ರಾಹಿಂ ಆದಿಲಶಾಹನ ಆಶ್ರಯದಲ್ಲಿ ತನ್ನ ದೊಡ್ಡ ಚರಿತ್ರೆಯನ್ನು ಪರ್ಷಿಯನ್ ಭಾಷೆಯಲ್ಲಿ ಬರೆದ. ಇದನ್ನು ಬಹಳ ಜನ ಬಲ್ಲರು. ಅವನು ವೈದ್ಯವನ್ನೂ ಬಲ್ಲವನು, ಭಾರತದ ಔಷಧ ಪದ್ಧತಿಯ ಮೇಲೆ ‘ದಸ್ತೂರ್-ಉಲ್-ಅತಿಬ್ಬಾ’ ಎಂಬ ಪುಸ್ತಕ ಬರೆದವನು ಎಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಕಾಯಿಲೆಯ ಬಗ್ಗೆ ಬರೆದವನಿಗೆ ಕಾಯಿಲೆಯ ತಿಳಿವಳಿಕೆಯೂ ಇತ್ತು ಎಂಬುದು ನಮಗೆ ದೊಡ್ಡ ಲಾಭ.

ಫೆರಿಷ್ತಾ ಹೇಳುವ ಎರಡು ಸಂಗತಿಗಳನ್ನು ನೋಡಿ. 1534ರಲ್ಲಿ ಇಸ್ಮಾಯಿಲ್ ಆದಿಲಶಾಹ ಕೋವಿಲಕೊಂಡದ ಮುತ್ತಿಗೆಯ ಕಾಲಕ್ಕೆ ಜ್ವರ ಬಂದು ತೀರಿಕೊಂಡ. ಸೇನಾನಿ ಅಸದ್ ಖಾನ್ ಸಾವನ್ನು ಮುಚ್ಚಿಟ್ಟು, ಹೆಣವನ್ನು ರಾತ್ರಿ ಗೋಗಿಗೆ ಸಾಗಿಸಿದ. ಗೋಗಿ ಈಗಿನ ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನಲ್ಲಿದೆ. ಮೊದಲ ಆದಿಲಶಾಹಿ ಅರಸರ ಗೋರಿಗಳಿರುವುದು ಅಲ್ಲಿಯೇ, ವಿಜಯಪುರದಲ್ಲಲ್ಲ. ದಂಡು ಹೊರನಾಡಿನಲ್ಲಿದ್ದಾಗ ಅರಸ ಸತ್ತನೆಂದು ಗೊತ್ತಾದರೆ ದಂಡೇ ಚೆದುರುತ್ತದೆ ಎಂಬ ಭಯ ಇದರ ಹಿಂದಿತ್ತು. ಸುಮಾರು ಇನ್ನೂರೈವತ್ತು ವರ್ಷಗಳ ಮೇಲೂ ಇದೇ ನಡೆಯಿತು. 1782ರ ಡಿಸೆಂಬರ್ 7ರಂದು ಹೈದರಾಲಿ ಬೆನ್ನಿನ ರಾಜಹುಣ್ಣಿನಿಂದ ಚಿತ್ತೂರಿನ ಬಳಿಯ ಪಾಳೆಯದಲ್ಲಿ ಸತ್ತಾಗ, ಮಲಬಾರಿನಲ್ಲಿದ್ದ ಟಿಪ್ಪು ಬರುವವರೆಗೂ ಪೂರ್ಣಯ್ಯ ಮೊದಲಾದವರು ಸುದ್ದಿಯನ್ನು ಅದುಮಿಟ್ಟರು. ಹೆಣವನ್ನು ಪೆಟ್ಟಿಗೆಯಲ್ಲಿಟ್ಟು ಖಜಾನೆ ಸಾಗಿಸುವಂತೆ ಕೋಲಾರಕ್ಕೆ ಕಳಿಸಿದರು. ಹಾಗಾಗಿ ಅರಸನ ಸಾವಿನ ತಾರೀಖು ಒಂದೊಂದು ಪುಸ್ತಕದಲ್ಲಿ ಒಂದೊಂದು ಥರ ಇದ್ದರೆ ಗಾಬರಿಯಾಗಬೇಡಿ. ಒಬ್ಬ ಬರೆದದ್ದು ಸತ್ತ ದಿನ, ಇನ್ನೊಬ್ಬ ಬರೆದದ್ದು ಸಾರಿದ ದಿನ ಆಗಿರಬಹುದು. ಇದರ ಜೊತೆಗೆ ಹಿಜರಿ ವರ್ಷಕ್ಕೆ ಸುಮಾರು 354 ದಿನಗಳೇ. ಅದನ್ನು ಕ್ರಿಸ್ತಶಕಕ್ಕೆ ಹೊಂದಿಸುವಾಗ ವರ್ಷ ಸರಿದುಬಿಡುತ್ತದೆ. ಎರಡನೆಯ ಇಬ್ರಾಹಿಂ ಸತ್ತದ್ದು ಕೆಲವು ಪುಸ್ತಕಗಳಲ್ಲಿ 1626, ಕೆಲವುಗಳಲ್ಲಿ 1627.

ಫೆರಿಷ್ತಾ ಹೇಳುವ ಎರಡನೆಯ ಸಂಗತಿ ಭಯಂಕರ. ಒಂದನೆಯ ಇಬ್ರಾಹಿಂ ಆದಿಲಶಾಹನಿಗೆ ಕೊನೆಗಾಲದಲ್ಲಿ ಹಲವು ಕಾಯಿಲೆಗಳು ಕೂಡಿಕೊಂಡು ಬಂದವು. ಗುಣಪಡಿಸಲಾಗದ ಹಕೀಮರನ್ನು ಅವನು ಕೊಲ್ಲಿಸಿದ. ಕೆಲವರ ತಲೆ ಹೋಯಿತು, ಕೆಲವರನ್ನು ಆನೆಯ ಕಾಲಿಗೆ ಹಾಕಿದರು. ಉಳಿದವರು ರಾಜ್ಯ ಬಿಟ್ಟು ಓಡಿಹೋದರು. ಅರಸ 1558ರ ಸುಮಾರಿಗೆ ಸತ್ತ. ಹೊಸ ಓದುಗರು ಇದನ್ನು ಅರಸನ ಕ್ರೌರ್ಯದ ಕತೆಯಾಗಿ ಓದಿ ಮುಂದೆ ಹೋಗುತ್ತಾರೆ. ನಾನು ಇನ್ನೊಂದನ್ನು ಗಮನಿಸಲು ಹೇಳುತ್ತೇನೆ. ಇಂಥ ಆಸ್ಥಾನದಲ್ಲಿ ಯಾವ ಹಕೀಮ ತಾನು ಕೊಟ್ಟ ಔಷಧಿಯನ್ನು ಬರೆದಿಡುತ್ತಾನೆ? ಗುಣವಾಗದಿದ್ದರೆ ಅದೇ ಕಾಗದ ಅವನ ಕೊರಳಿಗೆ ಬರುತ್ತಿತ್ತು. ದಾಖಲೆ ಇಲ್ಲದಿರುವುದಕ್ಕೂ ಒಂದು ಕಾರಣ ಇರುತ್ತದೆ. ಎಲ್ಲವನ್ನೂ ಗೆದ್ದಲ ಮೇಲೆ ಹೊರಿಸಬಾರದು.

ಇದೇ ದಖ್ಖನ್ನಿನಲ್ಲಿ ಒಳ್ಳೆಯ ಉದಾಹರಣೆಯೂ ಇತ್ತು ಎಂದು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಬಹಮನಿ ಅರಸ ಎರಡನೆಯ ಅಲಾವುದ್ದೀನ್ ಅಹಮದ್ ಬೀದರಿನಲ್ಲಿ ದವಾಖಾನೆ ಕಟ್ಟಿಸಿ, ಅದರ ಖರ್ಚಿಗೆ ಹಳ್ಳಿಗಳನ್ನು ಬಿಟ್ಟು, ಹಿಂದೂ ವೈದ್ಯರನ್ನೂ ಮುಸಲ್ಮಾನ ಹಕೀಮರನ್ನೂ ನೇಮಿಸಿದ್ದ ಎಂದು ಫೆರಿಷ್ತಾನೇ ಬರೆಯುತ್ತಾನೆ. ವಿಜಯಪುರಕ್ಕೆ ಬಂದ ಔಷಧ ವಿದ್ಯೆಯೂ ಹೀಗೆ ಕೂಡಿ ಬೆಳೆದದ್ದು.

ಎರಡನೆಯ ಇಬ್ರಾಹಿಮನ ಕೊನೆಯ ಕಾಯಿಲೆಯ ಕತೆಗೆ ನಾವು ‘ಬಸಾತೀನ್-ಉಸ್-ಸಲಾತೀನ್’ ಎಂಬ ಪರ್ಷಿಯನ್ ಚರಿತ್ರೆಗೆ ಹೋಗಬೇಕು. ಇಬ್ರಾಹಿಂ ಜುಬೈರಿ ಇದನ್ನು ಬರೆದದ್ದು 1820ರ ದಶಕದಲ್ಲಿ, ಅಂದರೆ ಘಟನೆ ನಡೆದು ಸುಮಾರು ಇನ್ನೂರು ವರ್ಷಗಳ ಮೇಲೆ. ಹಳೆಯ ಬರಹಗಳನ್ನು ನೋಡಿ ಬರೆದ. ಇದು ಹೇಳುವುದು ಹೀಗೆ: ಅರಸನಿಗೆ ಭಗಂದರದಂಥ ಹುಣ್ಣು ಆಗಿತ್ತು. ಫರ್ನಾಲೋಪ್ ಎಂಬ ಫಿರಂಗಿ ವೈದ್ಯ ಚಿಕಿತ್ಸೆ ಮಾಡಿದ. ಅರಸ ಉಳಿಯಲಿಲ್ಲ. ಆಸ್ಥಾನದ ಸರದಾರ ಖವಾಸ್ ಖಾನ್ ಸಿಟ್ಟಿನಿಂದ ಆ ವೈದ್ಯನ ಮೂಗು, ತುಟಿ ಕೊಯ್ಯಿಸಿದ. ವೈದ್ಯ ಮನೆಗೆ ಹೋಗಿ ತನ್ನ ಗುಲಾಮನೊಬ್ಬನ ಮೂಗು, ತುಟಿ ಕೊಯ್ದು ತನಗೆ ಅಂಟಿಸಿಕೊಂಡು ಔಷಧಿ ಕಟ್ಟಿದ, ಗಾಯ ಮಾಯಿತು, ಆಮೇಲೂ ಬಹಳ ಕಾಲ ವಿಜಯಪುರದಲ್ಲೇ ವೈದ್ಯ ಮಾಡಿಕೊಂಡಿದ್ದ.

ಈ ಕತೆಯನ್ನು ತರಗತಿಯಲ್ಲಿ ಹೇಳಿದರೆ ಮಕ್ಕಳು ಮೊದಲು ಗುಲಾಮನ ಬಗ್ಗೆ ಕೇಳುತ್ತಾರೆ. ಅದು ಸರಿಯಾದ ಪ್ರಶ್ನೆ. ಅರಸನ ಕಾಯಿಲೆ ಬರಹದಲ್ಲಿದೆ, ವೈದ್ಯನ ಹೆಸರಿದೆ, ಶಿಕ್ಷೆ ಕೊಟ್ಟವನ ಹೆಸರಿದೆ. ಮೂಗು ಕಳೆದುಕೊಂಡ ಆ ಮನುಷ್ಯನ ಹೆಸರಿಲ್ಲ. ರಾಜವೈದ್ಯದ ದಾಖಲೆಗಳು ಯಾರ ಮೈಯನ್ನು ಎಣಿಸುತ್ತವೆ, ಯಾರದನ್ನು ಬಿಡುತ್ತವೆ ಎಂಬುದು ಇಲ್ಲಿ ಕಾಣುತ್ತದೆ.

ಎರಡನೆಯ ಪ್ರಶ್ನೆ ವೈದ್ಯಶಾಸ್ತ್ರದ್ದು. ಒಬ್ಬರ ಮೂಗನ್ನು ಇನ್ನೊಬ್ಬರಿಗೆ ಅಂಟಿಸಿದರೆ ನಿಲ್ಲುತ್ತದೆಯೇ? ನಿಲ್ಲುವುದಿಲ್ಲ, ಮೈ ಪರರ ಮಾಂಸವನ್ನು ಒಪ್ಪುವುದಿಲ್ಲ. ಅದನ್ನು ತಡೆಯುವ ಔಷಧಿಗಳು ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಆದರೆ ಅವರವರ ಚರ್ಮದಿಂದಲೇ ಮೂಗು ಕಟ್ಟುವ ವಿದ್ಯೆ ನಮ್ಮ ದೇಶದಲ್ಲಿ ಹಳೆಯದು. ಸುಶ್ರುತ ಸಂಹಿತೆಯಲ್ಲಿ ಕೆನ್ನೆಯ ಚರ್ಮದಿಂದ ಮೂಗು ಕಟ್ಟುವ ವಿಧಾನವಿದೆ. ಟಿಪ್ಪುವಿನೊಡನೆ ಯುದ್ಧ ನಡೆದಾಗ ಇಂಗ್ಲಿಷ್ ದಂಡಿನ ಬಂಡಿ ಹೊಡೆಯುತ್ತಿದ್ದ ಕಾವಸಜಿ ಎಂಬವನು ಸೆರೆಸಿಕ್ಕು ಮೂಗು ಕಳೆದುಕೊಂಡಿದ್ದ. ಪುಣೆಯ ಕಡೆ ಹಣೆಯ ಚರ್ಮದಿಂದ ಅವನಿಗೆ ಮೂಗು ಕಟ್ಟಿದ ವರದಿ 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಚಿತ್ರಸಹಿತ ಬಂದು ಯುರೋಪಿನ ವೈದ್ಯರ ಕಣ್ಣು ತೆರೆಸಿತು. ಆದ್ದರಿಂದ ನನ್ನ ತೀರ್ಮಾನ ಹೀಗಿದೆ: ಫಿರಂಗಿ ವೈದ್ಯನಿಗೆ ಹೊಸ ಮೂಗು ಬಂದಿದ್ದರೆ ಅದು ಅವನದೇ ಚರ್ಮದಿಂದ, ಬಹುಶಃ ಇಲ್ಲಿಯವರೇ ಯಾರೋ ಕಟ್ಟಿದ್ದು. ಗುಲಾಮನ ಭಾಗ ಬಾಯಿಂದ ಬಾಯಿಗೆ ಬರುವಾಗ ಸೇರಿರಬೇಕು. ಸೇರಿದ್ದರೂ ಅದು ಆ ಕಾಲದ ಜನ ಗುಲಾಮನ ಮೈಯನ್ನು ಏನೆಂದು ತಿಳಿದಿದ್ದರು ಎಂಬುದಕ್ಕೆ ಸಾಕ್ಷಿಯೇ.

ಇದೇ ಇಬ್ರಾಹಿಮನ ಕಾಲದ ಇನ್ನೊಂದು ಬರಹ ನನಗೆ ತುಂಬ ಇಷ್ಟ, ಏಕೆಂದರೆ ಬರೆದವನು ಕಣ್ಣಾರೆ ಕಂಡವನು. ಅಕ್ಬರನ ರಾಯಭಾರಿ ಅಸದ್ ಬೇಗ್ 1604ರ ಹೊತ್ತಿಗೆ ವಿಜಯಪುರಕ್ಕೆ ಬಂದಿದ್ದ. ಇಲ್ಲಿ ಅವನು ತಂಬಾಕು ಕಂಡ. ಉತ್ತರದಲ್ಲಿ ಎಲ್ಲೂ ನೋಡಿರದಿದ್ದ ಅದನ್ನು ರತ್ನ ಕೆತ್ತಿದ ಹುಕ್ಕಾದ ಜೊತೆ ಅಕ್ಬರನಿಗೆ ಕಾಣಿಕೆ ಒಯ್ದ. ಬಾದಶಹ ಸೇದಿ ನೋಡಲು ಹೊರಟಾಗ ಆಸ್ಥಾನದ ಹಕೀಮ ಅಡ್ಡ ಬಂದ: ನಮ್ಮ ಪುಸ್ತಕಗಳಲ್ಲಿ ಇದರ ಉಲ್ಲೇಖವಿಲ್ಲ, ಪರೀಕ್ಷೆಯಾಗದ ವಸ್ತುವನ್ನು ಬಾದಶಹನ ಮೈಗೆ ಹೇಗೆ ಕೊಡುವುದು? ಅಸದ್ ಬೇಗ್ ವಾದಕ್ಕೆ ನಿಂತ: ಹೊಸದನ್ನು ಎಂದೂ ನೋಡದಿದ್ದರೆ ಹೊಸ ಔಷಧಿ ಜಗತ್ತಿಗೆ ಬರುವುದು ಹೇಗೆ? ನಾನೂರು ವರ್ಷಗಳ ಮೇಲೆ ಹಕೀಮನ ಮಾತೇ ಗೆದ್ದಿದೆ ಎಂದು ನಮಗೆ ಗೊತ್ತು. ಆದರೆ ಆ ದಿನ ಆ ಕೋಣೆಯಲ್ಲಿ ಇಬ್ಬರ ಮಾತಿಗೂ ತೂಕವಿತ್ತು. ಇಂಥ ಬರಹ ಅಪರೂಪ. ಅರಸನ ಆರೋಗ್ಯದ ಬಗ್ಗೆ ಮುಖಾಮುಖಿ ನಡೆದ ಚರ್ಚೆಯನ್ನೇ ಅದು ನಮಗೆ ಕೇಳಿಸುತ್ತದೆ.

ಇನ್ನು ಮಹಮ್ಮದನ ಹತ್ತು ವರ್ಷಗಳ ಜಡ್ಡು. ವಿಜಯಪುರದಲ್ಲಿ ಹಾಶಿಂಪೀರರ ದರ್ಗಾ ನೋಡಿದವರಿಗೆ ಆ ಕತೆ ಗೊತ್ತಿರುತ್ತದೆ. ಅರಸ ಸಾಯುವ ಸ್ಥಿತಿಗೆ ಬಂದಾಗ ಪೀರರು ತಮ್ಮ ಆಯುಷ್ಯದಲ್ಲಿ ಹತ್ತು ವರ್ಷ ಕೊಟ್ಟು ತಾವು ಹೊರಟುಹೋದರು ಎಂದು ಜನ ಹೇಳುತ್ತಾರೆ. ಹಾಶಿಂಪೀರರು ತೀರಿಕೊಂಡದ್ದು 1646ರಲ್ಲಿ, ಅರಸ 1656ರಲ್ಲಿ. ಕತೆಯ ಲೆಕ್ಕ ಚರಿತ್ರೆಯ ಲೆಕ್ಕಕ್ಕೆ ಸರಿಯಾಗಿ ಕೂಡುತ್ತದೆ. ಆಯುಷ್ಯದಾನವನ್ನು ನಂಬುವುದು ಬಿಡುವುದು ಅವರವರ ಭಕ್ತಿಗೆ ಬಿಟ್ಟದ್ದು. ಓದುಗನಿಗೆ ಮುಖ್ಯವಾದ ಮಾತು ಬೇರೆ: 1646ರಲ್ಲಿ ಅರಸನಿಗೆ ಪ್ರಾಣಕ್ಕೇ ಬಂದಂಥ ಕಾಯಿಲೆ ಆಗಿತ್ತು, ಅವನು ಬದುಕಿದ, ಆದರೆ ಮೊದಲಿನಂತೆ ಆಗಲಿಲ್ಲ ಎಂಬ ನೆನಪನ್ನು ಊರು ತನ್ನದೇ ರೀತಿಯಲ್ಲಿ ಕಾದಿಟ್ಟಿದೆ. ಅದೇ 1646ರ ಸುಮಾರಿಗೆ ಶಿವಾಜಿ ತೋರಣಾ ಕೋಟೆಯನ್ನು ವಶಪಡಿಸಿಕೊಂಡ. ರಾಜಧಾನಿಯಲ್ಲಿ ಗಟ್ಟಿ ಕೈ ಇದ್ದಿದ್ದರೆ ಪಶ್ಚಿಮದ ಕೋಟೆಗಳು ಒಂದೊಂದಾಗಿ ಕೈಬಿಡುತ್ತಿದ್ದವೇ ಎಂಬ ಪ್ರಶ್ನೆಯನ್ನು ಇತಿಹಾಸಕಾರರು ಕೇಳುತ್ತಲೇ ಬಂದಿದ್ದಾರೆ.

ಅರಸ ಸತ್ತ ಮೇಲೆ ಹದಿನೆಂಟರ ಹರೆಯದ ಅಲಿ ಪಟ್ಟಕ್ಕೆ ಬಂದ. ರಾಣಿ ಬಡೀ ಸಾಹೇಬಾ ಮತ್ತು ವಜೀರ ಖಾನ್ ಮಹಮ್ಮದ್ ಸೇರಿ ಅವನನ್ನು ಕೂಡಿಸಿದರು. ಔರಂಗಜೇಬ ತಂದೆಗೆ ಬರೆದ ಕಾಗದದ ತಿರುಳು ಏನೆಂದರೆ, ಈ ಅಲಿ ಸತ್ತ ಅರಸನ ಮಗನೇ ಅಲ್ಲ. ಔರಂಗಜೇಬನ ಆ ಕಾಲದ ಕಾಗದಗಳು ‘ಆದಾಬ್-ಎ-ಆಲಂಗೀರಿ’ ಎಂಬ ಸಂಗ್ರಹದಲ್ಲಿ ಉಳಿದಿವೆ. ಅವನ ಮುನಶಿ ಕಾಬಿಲ್ ಖಾನ್ ಬರೆದ ಕರಡುಗಳನ್ನು ಮುಂದೆ ಸಾದಿಕ್ ಎಂಬವನು ಕೂಡಿಸಿದ. ಕಾಗದವನ್ನು ಓದುವಾಗ ಇದನ್ನು ಮರೆಯಬೇಡಿ: ಮಾತು ಶಹಜಾದೆಯದು, ಲೇಖನಿ ಮುನಶಿಯದು, ಓದುವವನು ಬಾದಶಹ, ಮತ್ತು ಕಾಗದದ ಕೆಲಸ ಯುದ್ಧಕ್ಕೆ ಅನುಮತಿ ತರುವುದು.

ಅನುಮತಿ ಬಂತು. 1657ರ ಮಾರ್ಚ್ ಕೊನೆಗೆ ಬೀದರ್ ಬಿತ್ತು, ಆಗಸ್ಟ್ ಮೊದಲಿಗೆ ಕಲ್ಯಾಣ ಬಿತ್ತು. ಇನ್ನು ವಿಜಯಪುರದ ದಾರಿ ತೆರೆದಂತೆಯೇ ಎನ್ನುವಾಗ, ಯುದ್ಧ ನಿಲ್ಲಿಸಿ ಒಪ್ಪಂದ ಮಾಡಿಕೊಳ್ಳುವಂತೆ ಶಹಾಜಹಾನನಿಂದಲೇ ಮಾತು ಬಂತು. ಬೀದರ್, ಕಲ್ಯಾಣ, ಪರಾಂಡಾ ಕೋಟೆಗಳು ಮೊಗಲರಿಗೆ, ಜೊತೆಗೆ ದೊಡ್ಡ ಮೊತ್ತದ ದಂಡ ಎಂದು ಕರಾರಾಯಿತು. ಕರಾರಿನ ಶಾಯಿ ಆರುವ ಮೊದಲೇ, ಸೆಪ್ಟೆಂಬರ್ 6ರಂದು, ದಿಲ್ಲಿಯಲ್ಲಿ ಶಹಾಜಹಾನನೇ ಹಾಸಿಗೆ ಹಿಡಿದ. ಮೂತ್ರ ಕಟ್ಟಿತು, ಮಲಬದ್ಧತೆ, ಕಾಲು ಬಾತವು, ಜ್ವರ, ಬಾಯಿ ಒಣಗಿತು. ಈ ಲಕ್ಷಣಗಳನ್ನು ಆಸ್ಥಾನದ ಚರಿತ್ರೆಕಾರರೇ ಬರೆದಿದ್ದಾರೆ. ಅರಸನ ಮೈಯ ಬಗ್ಗೆ ಇಷ್ಟು ಬಿಡಿಸಿ ಬರೆದದ್ದು ಆ ಕಾಲದ ಬರಹಗಳಲ್ಲಿ ದೊರೆಯುವುದು ಕಡಿಮೆ.

ಆಮೇಲೆ ನಡೆದದ್ದನ್ನು ನಿಧಾನವಾಗಿ ಓದಿ. ಇಡೀ ವಿಷಯದ ಹೃದಯ ಇಲ್ಲಿದೆ. ಮೊಗಲ ಬಾದಶಹ ದಿನಾ ಬೆಳಿಗ್ಗೆ ಝರೋಕಾದಲ್ಲಿ ನಿಂತು ಜನರಿಗೆ ಮುಖ ತೋರಿಸಬೇಕು. ಶಹಾಜಹಾನ ಸುಮಾರು ಒಂದು ವಾರ ಕಾಣಿಸಲಿಲ್ಲ. ಅಷ್ಟು ಸಾಕಾಯಿತು. ಹಿರಿಯ ಮಗ ದಾರಾ ಶುಕೋಹ ತಂದೆಯ ಕೋಣೆಗೆ ಕೆಲವರನ್ನೇ ಬಿಟ್ಟ. ಬಂಗಾಳ, ಗುಜರಾತ್, ದಖ್ಖನ್‌ಗಳಿಗೆ ಹೋಗುವ ಕಾಗದಗಳನ್ನು ತಡೆದ. ತಮ್ಮಂದಿರ ವಕೀಲರ ಮೇಲೆ ಕಾವಲು ಹಾಕಿದ. ಔರಂಗಜೇಬನ ವಕೀಲ ಈಸಾ ಬೇಗ್‌ನನ್ನು ಸೆರೆಗೆ ಹಾಕಿಸಿದ. ಸುದ್ದಿ ನಿಲ್ಲಿಸಿದರೆ ಗದ್ದಲ ನಿಲ್ಲುತ್ತದೆ ಎಂದು ದಾರಾ ಎಣಿಸಿದ. ಆದದ್ದು ಪೂರ್ತಿ ತಿರುಗುಮುರುಗು. ಕಾಗದ ಬಾರದಿದ್ದದ್ದನ್ನೇ ತಮ್ಮಂದಿರು ಸಾವಿನ ಸುದ್ದಿ ಎಂದು ಓದಿಕೊಂಡರು. ಬಾದಶಹ ಚೇತರಿಸಿಕೊಂಡು ತನ್ನ ಕೈಬರಹದಲ್ಲಿ, ತನ್ನ ಮೊಹರು ಹಾಕಿ ಬರೆದ ಮೇಲೂ ಅವರು ನಂಬಲಿಲ್ಲ. ದಾರಾನಿಗೆ ಅಪ್ಪನ ಅಕ್ಷರ ಅನುಕರಿಸಲು ಬರುತ್ತದೆ, ಮೊಹರು ಅವನ ಕೈಯಲ್ಲೇ ಇದೆ ಎಂದು ವಾದಿಸಿದರು. ಶುಜಾ ಬಂಗಾಳದಲ್ಲಿ, ಮುರಾದ್ ಗುಜರಾತಿನಲ್ಲಿ ಕಿರೀಟ ಧರಿಸಿದರು. ಔರಂಗಜೇಬ ಮುರಾದನಿಗೆ ಸಂಕೇತಲಿಪಿಯ ಕೀಲಿ ಕಳಿಸಿ ಗುಟ್ಟಿನ ಪತ್ರವ್ಯವಹಾರ ನಡೆಸಿದ.

ಸುದ್ದಿ ವಿಜಯಪುರಕ್ಕೂ ಮುಟ್ಟಿತು. ಔರಂಗಜೇಬ ಅದನ್ನು ಎಷ್ಟು ಅದುಮಿದರೂ ಆಗಲಿಲ್ಲ. ಆದಿಲಶಾಹಿ ಸರದಾರರು ಪರಾಂಡಾ ಕೋಟೆಯನ್ನು ಬಿಟ್ಟುಕೊಡದೆ ದಿನ ತಳ್ಳಿದರು. ಅಕ್ಟೋಬರಿನಲ್ಲಿ ಔರಂಗಜೇಬ ಕಲ್ಯಾಣದಿಂದ ಹಿಂದೆ ಸರಿದ. ಅವನ ಕಣ್ಣು ಈಗ ದಿಲ್ಲಿಯ ಮೇಲಿತ್ತು. ಒಬ್ಬ ಅರಸನ ಕಾಯಿಲೆ ಯುದ್ಧವನ್ನು ನಮ್ಮ ಬಾಗಿಲಿಗೆ ತಂದಿತು, ಇನ್ನೊಬ್ಬ ಅರಸನ ಕಾಯಿಲೆ ಅದನ್ನು ತಿರುಗಿಸಿತು. ಆದಿಲಶಾಹಿ ರಾಜ್ಯ ಇನ್ನೂ 29 ವರ್ಷ, 1686ರವರೆಗೆ, ಉಳಿಯಿತು.

ಕೊನೆಗೆ ಔರಂಗಜೇಬನದೇ ಮೈಯ ದಾಖಲೆ ನಮ್ಮ ನೆರೆಯಲ್ಲೇ ಬರೆಯಲ್ಪಟ್ಟಿತು. 1700ರ ಅಕ್ಟೋಬರಿನಲ್ಲಿ ಪಂಢರಪುರದ ಕಡೆಯ ಖವಾಸಪುರದಲ್ಲಿ ಮಾಣ ನದಿಯ ನೆರೆ ರಾತ್ರೋರಾತ್ರಿ ಪಾಳೆಯಕ್ಕೆ ನುಗ್ಗಿದಾಗ ಎಡವಿ ಬಲ ಮೊಣಕಾಲಿನ ಕೀಲು ತಪ್ಪಿಸಿಕೊಂಡ. ಹಕೀಮರು ಕೂಡಿಸಿದರೂ ಸರಿಹೋಗಲಿಲ್ಲ. ಅಲ್ಲಿಂದ ಮುಂದೆ ಕುಂಟು. ಮೂಲಪುರುಷ ತೈಮೂರನೂ ಕುಂಟನಾಗಿದ್ದ, ಇದು ವಂಶದ ಗುರುತು ಎಂದು ಆಸ್ಥಾನದವರು ಹೊಗಳಿದರಂತೆ. 1705ರಲ್ಲಿ ವಾಗಿನಗೇರಾ ಕೋಟೆ ಗೆದ್ದು ಕೃಷ್ಣೆಯ ಹತ್ತಿರದ ದೇವಾಪುರದಲ್ಲಿ ಬೀಡುಬಿಟ್ಟಾಗ, ತೊಂಬತ್ತರ ಸಮೀಪದ ಆ ಮುದುಕನಿಗೆ ಕೈಕಾಲು ನೋವು ಹೆಚ್ಚಾಗಿ ಪ್ರಜ್ಞೆ ತಪ್ಪುವಂತಾಯಿತು. ಈಗಿನ ಸುರಪುರ ಸೀಮೆಯದು ಆ ಜಾಗ. ತಾಳಿಕೋಟೆ, ಮುದ್ದೇಬಿಹಾಳದವರಿಗೆ ದೂರವೇನಲ್ಲ. ಹತ್ತು ಹನ್ನೆರಡು ದಿನ ಪಾಳೆಯವೆಲ್ಲ ಹೆದರಿತ್ತು. ಶತ್ರುವಿನ ನಾಡಿನ ನಡುವೆ ಬಾದಶಹ ಸತ್ತರೆ ಒಬ್ಬರೂ ಊರು ಮುಟ್ಟುವುದಿಲ್ಲ ಎಂಬ ಗುಸುಗುಸು. ಅವನು ಮಾತ್ರ ಮಲಗಿದಲ್ಲೇ ಅರ್ಜಿಗಳಿಗೆ ಉತ್ತರ ಹೇಳಿ ಬರೆಸುತ್ತಿದ್ದ. ಅಮೀರ್ ಖಾನ್ ಎಂಬ ಸರದಾರ ಹಾಸಿಗೆಯ ಬಳಿ ನಿಂತು ಒಂದು ಪದ್ಯ ಹೇಳಿದ್ದು, ಬಾದಶಹ ಅದನ್ನು ಮತ್ತೆ ಮತ್ತೆ ಹೇಳಿಸಿಕೊಂಡು ಬರೆಸಿ ಇಟ್ಟುಕೊಂಡದ್ದು, ಮರುದಿನ ದರಬಾರಿಗೆ ಬಂದು ನಿನ್ನ ಪದ್ಯವೇ ನನಗೆ ಶಕ್ತಿ ಕೊಟ್ಟಿತು ಎಂದದ್ದು, ಇವೆಲ್ಲ ಖಾಫಿ ಖಾನನ ಚರಿತ್ರೆಯಲ್ಲಿವೆ. ಬಾದಶಹ ಸತ್ತ ಮೇಲೆ ಬರೆದದ್ದಾದ್ದರಿಂದ ಖಾಫಿ ಖಾನನಿಗೆ ಅವನ ನಿತ್ರಾಣವನ್ನು ಬಣ್ಣಿಸಲು ಭಯವಿರಲಿಲ್ಲ. ಬದುಕಿದ್ದವರಿಗೆ ಸಿಗದ ಸ್ವಾತಂತ್ರ್ಯ ಅದು.

ಹೊಸಬರು ಬೇಗ ಜಾರುವ ಒಂದು ಜಾಗವಿದೆ: ಹಳೆಯ ಲಕ್ಷಣಗಳನ್ನು ಓದಿ ಈಗಿನ ಕಾಯಿಲೆಯ ಹೆಸರು ಹಚ್ಚುವುದು. ಶಹಾಜಹಾನನಿಗೆ ಮೂತ್ರ ಕಟ್ಟಿದ್ದು ವಯಸ್ಸಾದ ಗಂಡಸರಲ್ಲಿ ಬರುವ ಗ್ರಂಥಿಯ ತೊಂದರೆ ಎನ್ನಲು ಮನಸ್ಸಾಗುತ್ತದೆ, ಕಲ್ಲೂ ಆಗಿರಬಹುದು. ಇಂಗ್ಲೆಂಡಿನ ಅರಸ ಮೂರನೆಯ ಜಾರ್ಜ್‌ನ ಕಾಗದಗಳನ್ನು ನೋಡಿ. 1788ರಲ್ಲಿ ಅವನ ಬುದ್ಧಿ ಕದಡಿತು. ಅವನ ವೈದ್ಯರ ಟಿಪ್ಪಣಿ, ಅವನ ಸ್ವಂತ ಪತ್ರ ಎಲ್ಲ ವಿಂಡ್ಸರ್ ಕೋಟೆಯಲ್ಲಿ ರಾಶಿಯಾಗಿ ಉಳಿದಿವೆ, 2017ರಿಂದ ಅಂತರ್ಜಾಲದಲ್ಲೂ ಓದಲು ಸಿಗುತ್ತಿವೆ. 1966ರಲ್ಲಿ ಇಬ್ಬರು ವೈದ್ಯರು ಅದು ಪೋರ್ಫಿರಿಯಾ ಎಂಬ ರಕ್ತಸಂಬಂಧಿ ಕಾಯಿಲೆ ಎಂದು ಸಾಧಿಸಿದರು, ಜಗತ್ತು ಒಪ್ಪಿತು. ಮುಂದೆ ಅದೇ ಕಾಗದಗಳನ್ನು ಓದಿದ ಬೇರೆಯವರು ಅಲ್ಲ, ಅದು ಮನಸ್ಸಿನ ಕಾಯಿಲೆಯೇ ಎಂದರು. ಅಷ್ಟು ದಾಖಲೆ ಇದ್ದೂ ಒಮ್ಮತವಿಲ್ಲ. ನಮ್ಮಲ್ಲಿ ಮೂರು ಸಾಲು ಇಟ್ಟುಕೊಂಡು ರೋಗದ ಹೆಸರು ಹೇಳುವುದು ಸಲ್ಲದು. ಲಕ್ಷಣಗಳನ್ನು ಬರೆದವನ ಮಾತಿನಲ್ಲೇ ಬರೆದುಕೊಳ್ಳಿ, ಅಲ್ಲಿಗೆ ನಿಲ್ಲಿಸಿ.

ಎಲ್ಲಿಂದ ಶುರುಮಾಡಬೇಕು ಎಂದು ಕೇಳಿದರೆ ಮೊದಲು ಗೋಳಗುಮ್ಮಟದ ಮುಂದಿನ ನಗಾರಖಾನೆಯ ವಸ್ತುಸಂಗ್ರಹಾಲಯಕ್ಕೆ ಹೋಗಿ. ಆದಿಲಶಾಹಿ ಫರ್ಮಾನು, ಕೈಬರಹಗಳು ಹೇಗಿರುತ್ತವೆ, ಮೊಹರು ಎಲ್ಲಿ ಬೀಳುತ್ತದೆ ಎಂದು ಕಣ್ಣಿಂದ ನೋಡಿ. ಆಸಾರ್ ಮಹಲಿನಲ್ಲಿದ್ದ ಹಸ್ತಪ್ರತಿಗಳ ದೊಡ್ಡ ಭಾಗ 1853ರಲ್ಲಿ ಲಂಡನ್ನಿಗೆ ಹೋಯಿತು, ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಆ ನಷ್ಟ ದೊಡ್ಡದು. ಕನ್ನಡದಲ್ಲಿ ಓದಬಯಸುವವರಿಗೆ ವಿಜಯಪುರದ ಡಾ. ಫ.ಗು. ಹಳಕಟ್ಟಿ ಸಂಶೋಧನ ಕೇಂದ್ರ ಆದಿಲಶಾಹಿ ಕಾಲದ ಕೃತಿಗಳ ಅನುವಾದಗಳನ್ನು ತಂದಿದೆ. ಆ ಕೆಲಸಕ್ಕೆ ಹೆಗಲು ಕೊಟ್ಟವರಲ್ಲಿ ಎಂ.ಎಂ. ಕಲಬುರ್ಗಿ ಅವರು ನಿಮ್ಮ ಸಿಂದಗಿ ತಾಲ್ಲೂಕಿನವರೇ. ಫೆರಿಷ್ತಾನ ಚರಿತ್ರೆಯಲ್ಲಿ ಒಂದನೆಯ ಇಬ್ರಾಹಿಮನ ಭಾಗವನ್ನು ಮೊದಲು ಓದಿ. ಒಂದು ನೋಟ್‌ಬುಕ್ ಇಟ್ಟುಕೊಂಡು, ಕಾಯಿಲೆಯ ಮಾತು ಬಂದ ಪ್ರತಿ ಸಾಲಿನ ಪಕ್ಕ ಬರೆದವನು ಯಾರು, ಎಷ್ಟು ವರ್ಷಗಳ ಮೇಲೆ ಬರೆದ, ಯಾರ ಅನ್ನ ತಿನ್ನುತ್ತಿದ್ದ, ಕಣ್ಣಾರೆ ಕಂಡನೋ ಕೇಳಿ ಬರೆದನೋ ಎಂದು ಗುರುತು ಹಾಕಿ. ಒಂದು ತಿಂಗಳು ಹೀಗೆ ಓದಿದರೆ ಯಾವ ಸಾಲು ಎಷ್ಟು ಗಟ್ಟಿ ಎಂಬುದು ನಿಮಗೇ ಗೊತ್ತಾಗತೊಡಗುತ್ತದೆ.

ಅನುವಾದ ಸಾಲದು, ಮೂಲವನ್ನೇ ನೋಡಬೇಕು ಎನಿಸಿದವರಿಗೆ ಪರ್ಷಿಯನ್ ಬೇಕು. ಇಂಡಿಯಲ್ಲಾಗಲಿ ಮುದ್ದೇಬಿಹಾಳದಲ್ಲಾಗಲಿ ಅದನ್ನು ಕಲಿಯಲಾಗದು ಎಂದು ಕೈಚೆಲ್ಲಬೇಡಿ. ಉರ್ದು ಓದಬಲ್ಲ ಗೆಳೆಯರು ನಿಮ್ಮ ಓಣಿಯಲ್ಲೇ ಇದ್ದಾರೆ, ಲಿಪಿ ಬಹುಮಟ್ಟಿಗೆ ಅದೇ. ಅವರ ಜೊತೆ ಕೂತು ಅಕ್ಷರದಿಂದ ಶುರುಮಾಡಿ.